ಹನ್ನೊಂದು ದಿನದ ಲುಸ್ಮಿಲಾ

ಪಯಿತಾ ಬಂದರಿನ ‘ಲಾ ಬಾಲ್ಸಾ’ ಪತ್ರಿಕೆಯ ಕಚೇರಿಯಲ್ಲಿ ಬಾಗಿಲಿಗೆ ಎದುರಾಗಿಯೇ ಒಂದು ಕೌಂಟರು. ಮನೆ ಬಾಡಿಗೆ, ದೋಣಿ ಮಾರಾಟ, ಸತ್ತವರಿಗಾಗಿ ಚರ್ಚಿನಲ್ಲಿ ನಡೆಯುವ ಬಲಿಪೂಜೆಯ ಪ್ರಕಟಣೆ, ಎಲ್ಲವನ್ನೂ ಅಲ್ಲಿ ಕುಳಿತು ಬರೆದುಕೊಳ್ಳುವವಳು ನೊಯೆಮಿ ಪೆರಿಚೆ. ವಯಸ್ಸು ಮೂವತ್ತಮೂರು. ಮದುವೆಯಾಗಿಲ್ಲವಾದ್ದರಿಂದ ಊರಿಗೆಲ್ಲ ಆಕೆ ಸೆನ್ಯೊರೀತಾ ನೊಯೆಮಿ.

ಎಲೀಸಿಯೊ ಚುಂಗಾ ಆ ಪತ್ರಿಕೆಗಿದ್ದ ಒಬ್ಬನೇ ಫೋಟೋಗ್ರಾಫರ್. ಬೆಳಗ್ಗೆ ಐದಕ್ಕೆ ಬಂದರಿನ ಧಕ್ಕೆಯ ಮೇಲೆ ಮೀನಿನ ರಾಶಿ, ಒಂಬತ್ತಕ್ಕೆ ಮೇಯರ್ ಕತ್ತರಿಸುವ ರಿಬ್ಬನ್ನು, ಹನ್ನೊಂದಕ್ಕೆ ಮರಳುಗಾಡಿನ ದಾರಿಯಲ್ಲಿ ಮಗುಚಿದ ಲಾರಿ. ಯಾರಾದರೂ ಸಮುದ್ರದ ಪಾಲಾದರೆ ಅವರ ಮನೆಗೆ ಹೋಗಿ, ಟೋಪಿ ತೆಗೆದು ನಿಂತು, ಗೋಡೆಯ ಮೇಲಿನ ಪಟವನ್ನು ಬೇಡಿ ತಂದು, ಪ್ರತಿ ಮಾಡಿಕೊಂಡು ಅಂದೇ ಹಿಂದಿರುಗಿಸುವುದು. ಇಪ್ಪತ್ತು ವರ್ಷದಿಂದ ಅವನ ಬದುಕು ಹೀಗೇ ನಡೆದಿತ್ತು.

ದಿನದ ಕೆಲಸ ಮುಗಿಸಿ ಅವನು ಕೌಂಟರಿನ ಮುಂದೆ ನಿಂತರೆ ವಿಚಾರಣೆ ಶುರುವಾಗುತ್ತಿತ್ತು.

“ದೋನ್ ಎಲೀಸಿಯೊ, ಈ ಚಿತ್ರದಲ್ಲಿ ಎಡಗಡೆಯಿಂದ ಎರಡನೆಯವರು ಯಾರು?”

“ಮೀಸೆ ಇರೋರಾ? ಅವ್ರು ಮೀನುಗಾರರ ಸಂಘದವ್ರು.”

“ಸಂಘಕ್ಕೆ ಮೀಸೆ ಬರಲ್ಲ. ಹೆಸರು ಹೇಳಿ.”

“ಮರೆತೇಹೋಯ್ತು.”

“ಮೀನಿನ ಹೆಸರು ಕೇಳಿದ್ರೆ ಜಾತಿ ಸಮೇತ ಹೇಳ್ತೀರಿ. ಮನುಷ್ಯರ ಹೆಸರು ಮಾತ್ರ ಗಾಳಿಗೆ ಬಿಡ್ತೀರಿ.”

“ನಿಮ್ಮ ಹೆಸರು ಒಂದಿನಾನೂ ಮರೆತಿಲ್ವಲ್ಲ.”

ನೊಯೆಮಿ ತಲೆ ಎತ್ತುತ್ತಿರಲಿಲ್ಲ. ಪೆನ್ನು ಮಾತ್ರ ಅರೆಗಳಿಗೆ ನಿಲ್ಲುತ್ತಿತ್ತು. “ದಿನಾ ಬೈಸ್ಕೊಳ್ಳೋಕೆ ಬರೋರು ಬೈಯೋರ ಹೆಸರು ಮರೆಯೋದು ಹೇಗೆ?” ಎನ್ನುತ್ತಿದ್ದಳು. ಕಿವಿಯ ಹಿಂದೆ ಸಿಕ್ಕಿಸಿದ ಕೂದಲೊಂದು ಕೆನ್ನೆಗೆ ಜಾರುತ್ತಿತ್ತು. ಆ ಕೂದಲನ್ನು ಅವಳು ಹಿಂದಕ್ಕೆ ತಳ್ಳುವವರೆಗೂ ಎಲೀಸಿಯೊ ಅಲ್ಲೇ ನಿಂತಿರುತ್ತಿದ್ದ. ಹಾಗೆ ನಿಲ್ಲುತ್ತ ನಿಲ್ಲುತ್ತ ನಾಲ್ಕು ವರ್ಷ ಕಳೆದಿತ್ತು. ಆಡಬೇಕಾದ ಮಾತನ್ನು ಅವನಿನ್ನೂ ಆಡಿರಲಿಲ್ಲ.

ನವೆಂಬರ್ ಒಂದರಂದು ನೊಯೆಮಿ ರಜೆ ಹಾಕಿದಳು. ಸುಯಾನಾದಲ್ಲಿರುವ ಗೆಳತಿಗೆ ಮೈ ಸರಿಯಿಲ್ಲ ಎಂದಳು. ಪ್ರತಿ ವರ್ಷವೂ ಅದೇ ದಿನ ಅದೇ ಗೆಳತಿಗೆ ಮೈ ಸರಿಯಿರುವುದಿಲ್ಲವೆಂಬುದನ್ನು ಯಾರೂ ಗಮನಿಸಿರಲಿಲ್ಲ.

ಆ ದಿನ ಪುಟ್ಟ ದೇವದೂತರ ದಿನ. ಎಳೆಯ ಮಗುವನ್ನು ಮಣ್ಣಿಗಿಟ್ಟ ತಾಯಿ ಬೆರಳುದ್ದದ ಬ್ರೆಡ್ಡು, ಗೆಣಸಿನ ಮಿಠಾಯಿ, ಕೊಬ್ಬರಿಯುಂಡೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಊರ ಚೌಕಕ್ಕೆ ಬರುತ್ತಾಳೆ. ತನ್ನ ಕೂಸು ಬದುಕಿದ್ದರೆ ಈಗ ಎಷ್ಟು ವಯಸ್ಸಾಗಿರುತ್ತಿತ್ತೋ ಅಷ್ಟೇ ವಯಸ್ಸಿನ ಮಗುವನ್ನು ಹುಡುಕಿ ಅದರ ಕೈಗೆ ಕೊಡುತ್ತಾಳೆ. ಆ ಮಗು ತಿಂದರೆ ತನ್ನದೂ ತಿಂದಂತೆ.

ಸಂಪಾದಕ ದೋನ್ ತೆಯೊಫಿಲೊ ಎಲೀಸಿಯೊನನ್ನು ಕತಕಾವೋಸ್ ಊರಿಗೆ ಕಳಿಸಿದ. “ಪ್ರತಿ ವರ್ಷ ಪಯಿತಾದ ಚೌಕಾನೇ ಹಾಕಿ ಹಾಕಿ ಸಾಕಾಗಿದೆ ಕಣಯ್ಯಾ. ಬೇರೆ ಊರಿನ ಮುಖ ತಗೊಂಡ್ಬಾ.”

ಚೌಕದಲ್ಲಿ ಬಿಸಿಲು ಬೆಳ್ಳಗೆ ಬಿದ್ದಿತ್ತು. ಎಲೀಸಿಯೊ ಮರದ ಕೆಳಗೆ ನಿಂತು ಉದ್ದನೆಯ ಲೆನ್ಸಿನಲ್ಲಿ ಹುಡುಕಿದ. ಕಪ್ಪು ಶಾಲು ಹೊದ್ದ ಹೆಂಗಸೊಬ್ಬಳು ಒಂಬತ್ತು ವರ್ಷದ ಹುಡುಗಿಯ ಮುಂದೆ ಮಂಡಿಯೂರಿ ಕುಳಿತಿದ್ದಳು. ಹುಡುಗಿಯ ಬಾಯ ತುಂಬ ಬ್ರೆಡ್ಡು. ಹೆಂಗಸಿನ ಅಂಗೈ ಆ ಕೆನ್ನೆಯ ಮೇಲೆ ಹಕ್ಕಿಮರಿಯನ್ನು ಹಿಡಿದಂತೆ ನಿಂತಿತ್ತು. ಅವನು ಕ್ಲಿಕ್ಕಿಸಿದ. ಹೆಂಗಸು ಮುಖ ತಿರುಗಿಸಿದಳು. ಕಿವಿಯ ಹಿಂದಿನಿಂದ ಕೂದಲೊಂದು ಕೆನ್ನೆಗೆ ಜಾರಿತು.

ನೊಯೆಮಿ.

ಆಗ ಅವನು ಕ್ಯಾಮೆರಾ ಇಳಿಸಬೇಕಿತ್ತು. ಇಳಿಸಲಿಲ್ಲ. ಅವಳ ಮುಖದಲ್ಲಿ ಅವನೆಂದೂ ಕಾಣದ ಬೆಳಕೊಂದಿತ್ತು. ಇನ್ನೂ ನಾಲ್ಕು ಬಾರಿ ಕ್ಲಿಕ್ಕಿಸಿದ.

ಸಂಜೆ ಸಂಪಾದಕನ ಮೇಜಿನ ಮೇಲೆ ಬೇರೆಯವರ ಚಿತ್ರಗಳನ್ನು ಮಾತ್ರ ಇಡಬಹುದಿತ್ತು. ನೊಯೆಮಿಯ ಚಿತ್ರವನ್ನೂ ಇಟ್ಟ. ಶಾಲಿನ ನೆರಳಿದೆ, ಯಾರೆಂದು ತಿಳಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಇಪ್ಪತ್ತು ವರ್ಷದಲ್ಲಿ ತೆಗೆದ ಅತ್ಯುತ್ತಮ ಚಿತ್ರ ಪೆಟ್ಟಿಗೆಯಲ್ಲಿ ಕೊಳೆಯಬಾರದೆಂಬ ಆಸೆ ಆ ಸುಳ್ಳಿಗೆ ಊರುಗೋಲಾಯಿತು. ಮನುಷ್ಯ ತನಗೆ ಹೇಳಿಕೊಳ್ಳುವ ಸುಳ್ಳನ್ನು ದೇವರು ಮಾತ್ರ ಕೇಳಿಸಿಕೊಳ್ಳುತ್ತಾನೆ.

ಮರುದಿನ ಮೊದಲ ಪುಟದಲ್ಲಿ ಅರ್ಧ ಪುಟದಷ್ಟು ಚಿತ್ರ. ಕೆಳಗೆ: ‘ತನ್ನ ಪುಟ್ಟ ದೇವದೂತನನ್ನು ನೆನೆವ ತಾಯಿ.’

ಎಂಟು ಗಂಟೆಗೆ ನೊಯೆಮಿ ಕೌಂಟರಿಗೆ ಬಂದಾಗ ಮೀನಿನ ವ್ಯಾಪಾರಿಯೊಬ್ಬ ಪತ್ರಿಕೆ ಮಡಿಸಿ ಹಿಡಿದು ನಿಂತಿದ್ದ.

“ಒಂದು ಜಾಹೀರಾತು ಬರ್ಕೊಳ್ಳಿ, ಸೆನ್ಯೊರೀತಾ...” ಎಂದು ನಿಲ್ಲಿಸಿ, ಹಲ್ಲು ಕಿರಿದ. “ತಪ್ಪಾಯ್ತು. ಇನ್ಮೇಲೆ ಸೆನ್ಯೋರಾ ಅನ್ಬೇಕೇನೋ? ಯಜಮಾನ್ರು ಎಲ್ಲಿ, ಕಾಣೋದೇ ಇಲ್ಲ?”

ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ನೊಯೆಮಿ ಅವನ ಜಾಹೀರಾತನ್ನು ಪೂರ್ತಿ ಬರೆದುಕೊಂಡಳು. ರಸೀದಿ ಕೊಟ್ಟಳು. ಆಮೇಲೆ ಪತ್ರಿಕೆಯನ್ನು ನೋಡಿದಳು, ಚಿತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿದ್ದ ಹೆಸರನ್ನು ನೋಡಿದಳು, ಬಾಗಿಲ ಬಳಿ ನಿಂತಿದ್ದ ಎಲೀಸಿಯೊನನ್ನು ನೋಡಿದಳು. ಶಾಲು ತೆಗೆದುಕೊಂಡು ಅವನ ಪಕ್ಕದಲ್ಲೇ ಹಾದು ಹೊರಟುಹೋದಳು.

ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಎರಡು ದಿನ ಕೌಂಟರು ಖಾಲಿಯಿತ್ತು. ಎಲೀಸಿಯೊ ಧಕ್ಕೆಗೆ ಹೋದ, ಮೀನಿನ ಚಿತ್ರ ತೆಗೆದ, ಮೀನಿನ ಕಣ್ಣನ್ನೂ ನೇರವಾಗಿ ನೋಡಲಾರದೆ ಬಂದ. ಮೂರನೆಯ ದಿನ ಸಂಪಾದಕನ ಮುಂದೆ ನಿಂತ.

“ತಿದ್ದುಪಡಿ ಹಾಕಿ, ದೋನ್ ತೆಯೊಫಿಲೊ. ಅವ್ರು ತಾಯಿ ಅಲ್ಲ, ನೆಂಟರ ಮಗೂಗೋಸ್ಕರ ಹಂಚ್ತಿದ್ರು ಅಂತ.”

“ಹೌದೇನಯ್ಯಾ?”

“ಅಲ್ಲ.”

ಸಂಪಾದಕ ಕನ್ನಡಕ ತೆಗೆದು ಒರೆಸಿದ. “ಒಳ್ಳೆ ಹುಡುಗಿ. ನಾಳೆನೇ ಹಾಕ್ತೀನಿ. ಯಾವ ನೆಂಟರು ಅಂತ ಒಂದು ಹೆಸರು ಅವಳ ಹತ್ರಾನೇ ಕೇಳ್ಕೊಂಡ್ಬಾ.”

ನೊಯೆಮಿಯ ಮನೆಯ ಬಾಗಿಲು ತೆರೆದವಳು ಅವಳ ಸೋದರತ್ತೆ ದೋನ್ಯಾ ಪೆತ್ರೊನಿಲಾ.

“ಇನ್ನೇನು ಬೇಕು? ಮೊಮ್ಮಗಳ ಸಮಾಧೀನೂ ಫೋಟೋ ಹಿಡಿಬೇಕಾ? ಹತ್ತು ವರ್ಷ ನಾನು ಮುಚ್ಚಿಟ್ಟ ಮಾನಾನ ಒಂದೇ ಬೆಳಿಗ್ಗೆ ಹರಾಜು ಹಾಕ್ದಲ್ಲೋ, ಪುಣ್ಯಾತ್ಮ!”

“ಬರ್ಲಿ ಬಿಡಿ ಅತ್ತೆ,” ಎಂದಿತು ಒಳಗಿನ ದನಿ.

ನೊಯೆಮಿ ಕಿಟಕಿಯ ಬಳಿ ಕುಳಿತಿದ್ದಳು. ಕಣ್ಣು ಊದಿಕೊಂಡಿದ್ದವು. ಎಲೀಸಿಯೊ ಕುಳಿತುಕೊಳ್ಳಲಿಲ್ಲ.

“ಸೆನ್ಯೊರೀತಾ, ತಿದ್ದುಪಡಿ ಹಾಕ್ತಾರಂತೆ. ಯಾರೋ ನೆಂಟರ ಮಗು ಅಂತ. ಒಂದು ಹೆಸರು ಹೇಳಿದ್ರೆ ಸಾಕು. ಊರಿನ ಬಾಯಿ ಮುಚ್ಚುತ್ತೆ.”

ಅವಳು ಕಿಟಕಿಯಿಂದ ಅವನ ಕಡೆಗೆ ಮುಖ ತಿರುಗಿಸಿದಳು.

“ಒಂದು ಕೇಳ್ತೀನಿ, ನಿಜ ಹೇಳಿ. ನಾನು ಅಂತ ಗೊತ್ತಿದ್ದೇ ತೆಗೆದ್ರಾ?”

ಇಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು.

“ಮೊದಲನೇದು ಗೊತ್ತಿಲ್ದೆ. ಆಮೇಲಿನ ನಾಲ್ಕು ಗೊತ್ತಿದ್ದೂ ತೆಗೆದೆ. ಅಚ್ಚಿಗೆ ಕೊಟ್ಟಿದ್ದೂ ಗೊತ್ತಿದ್ದೇ.”

“ಯಾಕೆ?”

“ಅಷ್ಟು ಚೆನ್ನಾಗಿ ಕಾಣ್ತಿದ್ರಿ. ನಾಲ್ಕು ವರ್ಷದಿಂದ ನಿಮ್ಮನ್ನ ನೋಡೋಕಂತಲೇ ಆ ಕೌಂಟರಿಗೆ ಬರ್ತಿದೀನಿ. ಹೇಳೋ ಧೈರ್ಯ ಇರ್ಲಿಲ್ಲ. ನಿಮ್ಮನ್ನ ಇಡೀ ಊರಿಗೆ ತೋರಿಸೋ ಧೈರ್ಯ ಮಾತ್ರ ಬಂತು. ಇದನ್ನ ಪ್ರೀತಿ ಅನ್ನೋಕೆ ನನಗೇ ನಾಚಿಕೆ ಆಗುತ್ತೆ.”

ಅತ್ತೆ ಬಾಗಿಲಲ್ಲೇ ಶಿಲುಬೆಯ ಗುರುತು ಹಾಕಿಕೊಂಡಳು.

“ಮೀನಿನ ಲಾಂಚಿನವನೊಬ್ಬ ಮದುವೆ ಆಗ್ತೀನಿ ಅಂದಿದ್ದ,” ಎಂದಳು ನೊಯೆಮಿ. “ದಕ್ಷಿಣದ ಬಂದರಿಗೆ ಹೋದವನು ವಾಪಸ್ ಬರ್ಲಿಲ್ಲ. ಸುಯಾನಾದಲ್ಲಿ ಹೆತ್ತೆ. ಊರಿಗೆ ಟೈಫಾಯ್ಡ್ ಅಂತ ಹೇಳಿದ್ವಿ. ಹನ್ನೊಂದು ದಿನ ಇದ್ದಳು. ಹನ್ನೊಂದೇ ದಿನ. ನಾನು ಈ ಊರಿನವರ ಅಜ್ಜಿ ತಾತಂದಿರ ಹೆಸರೆಲ್ಲ ಬರ್ದು ಅಚ್ಚಿಗೆ ಕಳಿಸ್ತೀನಿ, ದೋನ್ ಎಲೀಸಿಯೊ. ಅವಳ ಹೆಸರು ಒಂದು ಕಡೇನೂ ಬರ್ದಿಲ್ಲ. ಈಗ ನೀವು ಬಂದು ಅವಳು ನೆಂಟರ ಮಗು ಅಂತೀರಿ. ಅದೂ ಅಚ್ಚಲ್ಲಿ.”

ಎಲೀಸಿಯೊ ತಲೆ ತಗ್ಗಿಸಿದ. ಮೊದಲ ತಪ್ಪಿಗಿಂತ ಅದನ್ನು ತಿದ್ದಲು ಬಂದ ತಪ್ಪೇ ದೊಡ್ಡದಾಗಿ ಕಂಡಿತು.

“ಕಾಗದ ತಗೊಳ್ಳಿ,” ಎಂದಳು ಅವಳು. “ಬರ್ಕೊಳ್ಳಿ.”

“ನೊಯೆಮಿ, ಬೇಡ ಮಗಳೇ,” ಎಂದಳು ಅತ್ತೆ. “ಆಮೇಲೆ ಈ ಬೀದೀಲಿ ತಲೆ ಎತ್ಕೊಂಡು ಓಡಾಡೋದು ಹೇಗೆ?”

“ಇಷ್ಟು ವರ್ಷ ತಗ್ಗಿಸಿ ಓಡಾಡಿದ್ದು ಸಾಕು, ಅತ್ತೆ.”

ಸಾವಿರ ಬಾರಿ ಬರೆದು ರೂಢಿಯಾದ ದನಿಯಲ್ಲಿ ಹೇಳತೊಡಗಿದಳು. “ದೇವರ ಸನ್ನಿಧಿ ಸೇರಿದ ಲುಸ್ಮಿಲಾ ಪೆರಿಚೆ. ಪ್ರಾಯ ಹನ್ನೊಂದು ದಿನ. ಆಕೆಯ ನೆನಪಿಗಾಗಿ ಭಾನುವಾರ ಬೆಳಗ್ಗೆ ಏಳಕ್ಕೆ ಬಲಿಪೂಜೆ. ಬಂಧುಮಿತ್ರರು ಬಂದು ಪ್ರಾರ್ಥಿಸಬೇಕಾಗಿ ಕೋರುವವರು, ಆಕೆಯ...”

ಮುಂದಿನ ಪದ ಹೊರಡಲಿಲ್ಲ. ಎರಡು ಬಾರಿ ಪ್ರಯತ್ನಿಸಿದಳು. ಎಲೀಸಿಯೊ ಕಾಯುತ್ತಿದ್ದ. ಆ ಪದ ಅವನಿಗೆ ಗೊತ್ತಿತ್ತು. ಆದರೆ ಅದನ್ನು ಅವಳಿಗಿಂತ ಮೊದಲು ಬರೆಯುವ ಹಕ್ಕು ತನಗಿಲ್ಲವೆಂದು ಪೆನ್ನು ಎತ್ತಿ ಹಿಡಿದಿದ್ದ.

“ತಾಯಿ,” ಎಂದಳು ಕೊನೆಗೆ.

ಭಾನುವಾರ ಚರ್ಚು ಅರ್ಧ ತುಂಬಿತ್ತು. ಪ್ರಾರ್ಥನೆಗೆ ಬಂದವರೆಷ್ಟೋ, ನೋಡಲು ಬಂದವರೆಷ್ಟೋ. ಸತ್ತವರ ಮನೆಯವರಿಗೆಂದು ಬಿಡುವ ಮೊದಲ ಬೆಂಚಿನಲ್ಲಿ ನೊಯೆಮಿ ಒಬ್ಬಳೇ ಇದ್ದಳು. ಅತ್ತೆ ಅಲ್ಲಿಯವರೆಗೆ ಬರಲು ಧೈರ್ಯ ಸಾಲದೆ ನಡುವಿನ ಸಾಲಿನಲ್ಲಿ ಕುಳಿತುಬಿಟ್ಟಿದ್ದಳು. ಎಲೀಸಿಯೊ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದ.

ಗಂಟೆ ಬಾರಿಸಿತು. ನೊಯೆಮಿ ಹಿಂದಕ್ಕೆ ತಿರುಗಿ ಸಾಲು ಸಾಲಾಗಿ ನೋಡಿದಳು. ಅವನ ಮೇಲೆ ಕಣ್ಣು ನಿಂತಿತು. ಆಮೇಲೆ ಮುಂದಕ್ಕೆ ತಿರುಗಿ, ಸ್ವಲ್ಪ ಸರಿದು ಕುಳಿತಳು.

ಆ ನಡುದಾರಿ ಅವನಿಗೆ ಸಮುದ್ರದಷ್ಟು ಉದ್ದವಾಯಿತು. ಊರೆಲ್ಲ ನೋಡುತ್ತಿತ್ತು. ಹೋಗಿ ಕುಳಿತ.

“ನಿಮ್ಮನ್ನ ಇನ್ನೂ ಕ್ಷಮಿಸಿಲ್ಲ,” ಎಂದಳು ಮುಂದೆ ನೋಡುತ್ತಲೇ.

“ಗೊತ್ತು.”

“ಕೌಂಟರಿಗೆ ನಾಳೆಯಿಂದ ಬರ್ತೀನಿ. ನೀವು ಬರದೇ ಇದ್ರೆ ಇನ್ನೂ ಕೋಪ ಬರುತ್ತೆ.”

ಗುರುಗಳು ಲುಸ್ಮಿಲಾ ಪೆರಿಚೆ ಎಂದು ಗಟ್ಟಿಯಾಗಿ ಹೇಳಿದರು. ಪಕ್ಕದಲ್ಲಿ ಅವಳ ಉಸಿರು ಒಮ್ಮೆ ನಿಂತು ಮತ್ತೆ ನಡೆದದ್ದು ಎಲೀಸಿಯೊಗೆ ಕೇಳಿಸಿತು.

ಪೂಜೆ ಮುಗಿಯಿತು. ಪದ್ಧತಿಯಂತೆ ಜನ ಎದ್ದು ಮೊದಲ ಬೆಂಚಿಗೆ ಬಂದು ಸಂತಾಪ ಹೇಳಬೇಕು. ಯಾರೂ ಏಳಲಾರರೆಂದು ಅವನು ಹೆದರಿದ್ದ. ಒಣಮೀನು ಮಾರುವ ಹಣ್ಣುಮುದುಕಿಯೊಬ್ಬಳು ಎದ್ದಳು, ಅವಳ ಹಿಂದೆ ಇನ್ನೊಬ್ಬಳು, ಹೀಗೆ ಸಾಲು ಬೆಳೆಯಿತು. ಮುದುಕಿ ನೊಯೆಮಿಯನ್ನು ತಬ್ಬಿ, “ನನ್ನದೂ ಎರಡು ಹೋದವಮ್ಮ,” ಎಂದಳು. ಆಮೇಲೆ ಎಲೀಸಿಯೊನ ಕಡೆಗೆ ಎರಡೂ ಕೈ ಚಾಚಿದಳು.

“ನಿನ್ನ ದುಃಖದಲ್ಲಿ ನಾನೂ ಇದ್ದೀನಪ್ಪ.”

ಅವನು ಹಿಂದಕ್ಕೆ ಸರಿದ. ಮುಖ ಕೆಂಪಾಯಿತು. ಆ ಸಂತಾಪವನ್ನು ತೆಗೆದುಕೊಳ್ಳಲು ತಾನು ಯಾರು? ಅಲ್ಲ ಎನ್ನಲು ಬಾಯಿ ತೆರೆದು ನೊಯೆಮಿಯನ್ನು ನೋಡಿದ.

“ಕೈ ಕೊಡಿ, ಎಲೀಸಿಯೊ,” ಎಂದಳು ಅವಳು ಮೆಲ್ಲಗೆ. “ಹಿಂದೆ ಜನ ಕಾಯ್ತಿದ್ದಾರೆ.”