ಸಾಲಾಗಿಟ್ಟ ಮುಳ್ಳುಗಳು

ಕಾದೆಣ್ಣೆಗೆ ಹಿಟ್ಟು ಸವರಿದ ಮೀನು ಬಿದ್ದಾಗ ಏಳುವ ವಾಸನೆ ತಂಗಿಗೆ ಚಿಕ್ಕಂದಿನಿಂದ ಗೊತ್ತು. ಆಗೆಲ್ಲ ಆ ವಾಸನೆ ಬಂತೆಂದರೆ ಅಪ್ಪ ಅಮ್ಮನ ಜಗಳ ಮುಗಿಯಿತೆಂದೇ ಅರ್ಥ. ಆ ಬೆಳಿಗ್ಗೆ ಅಳುತ್ತಾ ಬಂದ ಮೇಲಿನ ಮನೆಯ ಸೊಸೆಯ ಶಾಲಿನಿಂದಲೂ ಅದೇ ವಾಸನೆ ಬಂತು.

"ಅಕ್ಕಾ, ನೀವೇ ಕಾಪಾಡ್ಬೇಕು."

ಕೆಳಗಿನ ಮನೆಯಲ್ಲಿ ತಂಗಿಯೊಡನೆ ಇದ್ದ, ಕಾಲೇಜಿನ ಪ್ರಯೋಗಾಲಯದಿಂದ ನಿವೃತ್ತಳಾದ ಅಕ್ಕ, ಅವಳಿಗೆ ಮಾತ್ರವಲ್ಲ, ಕಟ್ಟಡಕ್ಕೆಲ್ಲ ಅಕ್ಕ. ಏನು ಕಳೆದರೂ ಜನ ಮೊದಲು ಅವಳ ಬಾಗಿಲಿಗೇ ಬರುತ್ತಿದ್ದರು.

"ಅತ್ತೆಯ ಅಡುಗೆ ಪುಸ್ತಕ ನಿನ್ನೆ ಸಂಜೆಯಿಂದ ಕಾಣಿಸ್ತಿಲ್ಲ. ಮೀನಿನ ಸ್ಯಾಂಡ್‌ವಿಚ್ ಮಾಡೋದನ್ನ ಕೈಯಾರೆ ಬರೆದಿಟ್ಟಿದ್ರು. ಅವರು ತೀರಿಹೋಗಿ ಎರಡು ತಿಂಗಳಾಯ್ತು, ಮಾವ ದಿನಾ ಅದನ್ನೇ ತಿರುವಿ ಹಾಕ್ತಿದ್ರು. ನನಗೆ ಮೀನು ಸೇರಲ್ಲ ನೋಡಿ, ನಾನೇ ಬಿಸಾಕಿದೆ ಅಂತಾರೆ. ನಿನ್ನ ಕೈಯ ನೀರೂ ಬೇಡ ಅಂದ್ಬಿಟ್ರು. ರಾತ್ರಿಯಿಂದ ಉಪವಾಸ."

"ನಿನ್ನ ಗಂಡ ಏನಂತಾನೆ?"

"ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾರೆ."

"ಈ ಶಾಲು ನಿನ್ನೆ ಎಲ್ಲಿತ್ತು?"

"ಅಡುಗೆಮನೆ ಮೊಳೆಗೆ ನೇತು ಹಾಕಿ ಆಫೀಸಿಗೆ ಹೋಗಿದ್ದೆ. ಮಾವ ಕಣ್ಣಿನ ಡಾಕ್ಟರ ಹತ್ರ ಹೋಗಿದ್ರು. ಸಂಜೆ ಬಂದಾಗ ಮೀನಿನ ವಾಸನೆ ಇತ್ತು, ಪಕ್ಕದ ಮನೆಯದು ಅಂದ್ಕೊಂಡ್ವಿ."

ಮೂವರೂ ಮೇಲೆ ಹೋದರು. ಬಸ್ ಓಡಿಸಿ ನಿವೃತ್ತರಾದ ಮಾವ ಕಿಟಕಿಗೆ ಮುಖ ಮಾಡಿ ಕೂತಿದ್ದರು. ವಾಚು ರಿಪೇರಿ ಮಾಡುವ ಅವರ ಮಗ ಮೇಜಿನ ಮುಂದೆ ತಲೆ ಎತ್ತಲಿಲ್ಲ. ಪುಟ್ಟ ಬಿಡಿಭಾಗಗಳನ್ನು ಚಿಮಟದಿಂದ ಎತ್ತಿ, ಬಿಚ್ಚಿದ ಕ್ರಮದಲ್ಲೇ ಬಿಳಿ ಕಾಗದದ ಮೇಲೆ ಸಾಲಾಗಿಡುತ್ತಿದ್ದ.

ಅಡುಗೆಮನೆಯಲ್ಲಿ ಅಕ್ಕ ಒಲೆಯ ಹಿಂದಿನ ಗೋಡೆ ಮುಟ್ಟಿದಳು. ತುಂಬ ಎಣ್ಣೆ ಸಿಡಿದಿತ್ತು. ಪಾತ್ರೆ ತಿಕ್ಕುವ ಸ್ಪಂಜು ನೀಲಿಯಾಗಿತ್ತು. ಕಸದ ಡಬ್ಬಿಯ ತಳದಲ್ಲಿ ಮಡಚಿದ ಕಾಗದವೊಂದು ಸಿಕ್ಕಿತು. ಒಳಗೆ ಮೀನಿನ ಮುಳ್ಳುಗಳು ಒಂದೂ ಮುರಿಯದೆ ಸಾಲಾಗಿ ಅಂಟಿಕೊಂಡಿದ್ದವು. ತಂಗಿ ತಿರುಗಿ ಮಗನ ಮೇಜಿನತ್ತ ನೋಡಿದಳು.

ಅಕ್ಕ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಕಾಗದ ಬಿಚ್ಚಿದಳು.

"ನಿನ್ನೆ ಮಧ್ಯಾಹ್ನ ಇಲ್ಲಿ ಮೀನು ಹುರಿದಿದ್ದಾರೆ. ಶಾಲೇ ಸಾಕ್ಷಿ. ಮೀನಿನ ನೀರು ಒರೆಸದೆ ಎಣ್ಣೆಗೆ ಬಿಟ್ಟಿದ್ದಾರೆ, ಅದಕ್ಕೇ ಗೋಡೆಗೆಲ್ಲ ಸಿಡಿದಿದೆ. ಅಂದ್ರೆ ಒಲೆ ಮುಂದೆ ಹೊಸಬರು. ಮುಳ್ಳು ನೋಡಿ, ಬೆರಳಲ್ಲಿ ಕಿತ್ತಿದ್ರೆ ಮುರೀತಿತ್ತು. ಚಿಮಟದಲ್ಲಿ ತೆಗೆದು, ತೆಗೆದ ಕ್ರಮದಲ್ಲೇ ಜೋಡಿಸಿದ್ದಾರೆ. ಎಸೆಯೋ ಮುಳ್ಳನ್ನ ಸಾಲಾಗಿಡೋ ಕೈ ಈ ಮನೇಲಿ ಒಂದೇ ಇದೆ. ಸ್ಪಂಜಿನಲ್ಲಿರೋದು ಶಾಯಿ. ಪುಸ್ತಕ ಯಾರೂ ಬಿಸಾಕಿಲ್ಲ. ಅದನ್ನ ತೊಳೆದಿದ್ದಾರೆ. ಅಲ್ವೇನಪ್ಪಾ?"

ಮಗ ಚಿಮಟ ಕೆಳಗಿಟ್ಟ.

"ಅಪ್ಪ ಒಂದು ತುತ್ತಾದರೂ ನೆಟ್ಟಗೆ ತಿನ್ನಲಿ ಅಂತ ಮಾಡಕ್ಕೆ ಹೋದೆ. ಎಣ್ಣೆ ಸಿಡೀತು, ಹಿಂದೆ ಸರಿದೆ, ಮೊಣಕೈ ತಗುಲಿ ಪುಸ್ತಕ ಬಾಣಲೆಗೇ ಬಿತ್ತು. ಜಿಡ್ಡು ಹೋಗಲಿ ಅಂತ ಸೋಪು ನೀರು ಹಾಕ್ದೆ. ನನ್ನ ಕಣ್ಣೆದುರಿಗೇ ಅಮ್ಮನ ಅಕ್ಷರ ಹರಿದು ಹೋಯ್ತು."

"ಮಾವ ನನ್ನನ್ನ ಬೈಯೋವಾಗಲೂ ಸುಮ್ಮನಿದ್ರಲ್ಲ," ಎಂದಳು ಸೊಸೆ ಮೆಲ್ಲಗೆ. "ನಾನು ನಿಮಗೆ ಅಷ್ಟೇನಾ?"

ಅವನು ಕೆಲಸದ ಪೆಟ್ಟಿಗೆಯಿಂದ ಪುಸ್ತಕ ತೆಗೆದು ಅಪ್ಪನಿಗೆ ಕೊಟ್ಟ. ಉಬ್ಬಿದ ಹಾಳೆಗಳಲ್ಲಿ ಬರೀ ನೀಲಿ ಕಲೆ. ಮಾವ ಒಂದೊಂದನ್ನೇ ತಿರುವಿದರು. ಹೆಂಡತಿಯನ್ನು ಅವರು ಎರಡನೆಯ ಸಲ ಕಳೆದುಕೊಳ್ಳುವುದನ್ನು ತಂಗಿಗೆ ನೋಡಲಾಗಲಿಲ್ಲ.

"ಅಂಚಿನಲ್ಲಿ ನೋಡಿ," ಎಂದಳು ಅಕ್ಕ. "ಇದು ಪೆನ್ಸಿಲು. ನೀರಿಗೆ ಹೋಗಿಲ್ಲ."

ಮಾವ ಪುಟವನ್ನು ಬೆಳಕಿಗೆ ಹಿಡಿದು ಓದಿದರು: "ಮೊದಲು ಹುಡುಗಿಗೆ ಬೆಣ್ಣೆ, ಸೌತೆಕಾಯಿಯ ಸ್ಯಾಂಡ್‌ವಿಚ್. ಆಮೇಲೆ ಮೀನು ಮುಟ್ಟುವುದು. ಅವಳಿಗೆ ವಾಸನೆ ತಾಗಬಾರದು, ಪಾಪ."

ಸೊಸೆ ಮೀನಿನ ವಾಸನೆಯ ಆ ಶಾಲಿನಲ್ಲೇ ಮುಖ ಮುಚ್ಚಿಕೊಂಡಳು.

ಮಾವ ಎದ್ದು ಒಳಗೆ ಹೋದರು. ಕೈಯನ್ನು ಸೋಪು ಹಾಕಿ ಎರಡೆರಡು ಸಲ ತೊಳೆಯುವ ಸದ್ದು ಕೇಳಿತು, ಚಾಕುವನ್ನೂ ತೊಳೆದರು. ಹೊರಗೆ ಬಂದಾಗ ತಟ್ಟೆಯಲ್ಲಿ ಎರಡು ಬ್ರೆಡ್ ಹೋಳು, ನಡುವೆ ಬೆಣ್ಣೆ ಮತ್ತು ಸೊಟ್ಟಸೊಟ್ಟಾಗಿ ಹೆಚ್ಚಿದ ಸೌತೆಕಾಯಿ. ಅದನ್ನು ಸೊಸೆಯ ಮುಂದೆ ಹಿಡಿದರು.