ಹೊಳಿ ಅವ್ವ ಯಾರ ಪಾಲಿಗೆ?

"ಅದನ್ನ ಮಾತ್ರ ಇಡಬ್ಯಾಡ್ರಿ. ಇಟ್ರ ನಾ ಸೋತಂಗ," ಎಂದ ಎದುರಿಗೆ ಕೂತ ಯುವಕ.

ಮೌನೇಶ್ವರಿ ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲೆ ಇಟ್ಟೇಬಿಟ್ಟಳು. ಅವನು ಸೋತ. ಸೋತವನು ಮುಖ ಸಪ್ಪಗೆ ಮಾಡಿಕೊಳ್ಳುವುದು ಬಿಟ್ಟು ಅವಳನ್ನೇ ನೋಡುತ್ತ ಕೂತ. ಅವಳ ಎದೆ ಢವಢವ ಎಂದಿತು... ಗೆದ್ದ ಖುಷಿಗೇ ಇರಬೇಕು ಎಂದುಕೊಂಡಳು. ಪಾಪ, ಹಾಗೇ ಅಂದುಕೊಳ್ಳಲಿ ಬಿಡಿ.

ರಾಯಚೂರಿನ ಸತ್ತಾರ್ ಸಾಬ್‌ರ ಪುಸ್ತಕದಂಗಡಿಯ ಮಹಡಿಯಲ್ಲಿ ಭಾನುವಾರ ಕಾರ್ಡ್ ಆಟದವರು ಸೇರುತ್ತಾರೆ. ಇಸ್ಪೀಟಲ್ಲ; ಯೋಧರು, ಮಾಟಗಾತಿಯರು, ಮೃಗಗಳ ಚಿತ್ರವಿರುವ ಕಾರ್ಡುಗಳು. ಕೂಡಿಟ್ಟ ಕಾರ್ಡುಗಳಲ್ಲಿ ಬೇಕಾದವನ್ನು ಆರಿಸಿ, ತಮ್ಮ ಡೆಕ್ ತಾವೇ ಕಟ್ಟಿಕೊಂಡು ಆಡಬೇಕು. ಮೌನೇಶ್ವರಿ ದೇವದುರ್ಗದ ಹೈಸ್ಕೂಲ್ ಟೀಚರ್. ಸೋತ ಅಮರೇಶ ಮಾನ್ವಿಯಲ್ಲಿ ಲ್ಯಾಬ್ ಟೆಕ್ನಿಷಿಯನ್.

"ಮುಂದಿನ ತಿಂಗಳು ಜೋಡಿ ಪಂದ್ಯ ಅದ. ನನ್ ಕೂಡ ಆಡ್ತೀರೇನು?"

"ಸೋತವ್ರ ಕೂಡ ಆಡಿ ನನಗೇನು ಸಿಗ್ತದರೀ?"

"ನೀವು ಗೆಲ್ಲೋದನ್ನ ಬಾಜೂಕ ಕುಂತು ನೋಡ್ಬೇಕಾಗ್ಯದ."

ಒಪ್ಪಿದಳು. ಆಮೇಲೆ ಸಂಜೆಗಳೆಲ್ಲ ಒಂದು ವೆಬ್‌ಸೈಟಿನಲ್ಲೇ ಕಳೆದವು. ಆ ಆಟದ ಅಷ್ಟೂ ಕಾರ್ಡುಗಳು ಅಲ್ಲಿವೆ. ಹುಡುಕಿ, ಡೆಕ್‌ಗೆ ಸೇರಿಸಿ, ಬೇಡವಾದರೆ ತೆಗೆಯಬಹುದು; ಪಂದ್ಯಕ್ಕೆ ಅಲ್ಲಿನ ಪಟ್ಟಿಯೇ ಲೆಕ್ಕ. ಇಬ್ಬರಿಗೂ ಒಂದೇ ಅಕೌಂಟ್. ಅವಳ ಡೆಕ್ ‘ರಾಯಚೂರು ಒಂದು’, ಅವನದು ‘ರಾಯಚೂರು ಎರಡು’. ಫೋನಿನಲ್ಲಿ ಅವನ ಮಾತು, ಕಣ್ಣೆದುರು ಕಾರ್ಡುಗಳು... ಊಟ ಆರಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ.

ಅವಳ ಜೀವವೆಲ್ಲ ಒಂದೇ ಕಾರ್ಡಿನಲ್ಲಿತ್ತು. ನೀರಿನಿಂದ ಎದ್ದು ಬರುವ ಮುದುಕಿ. ಮೌನೇಶ್ವರಿ ಅದಕ್ಕಿಟ್ಟ ಹೆಸರು ‘ಹೊಳಿ ಅವ್ವ’. ಅಮರೇಶನನ್ನು ಸೋಲಿಸಿದ್ದೂ ಅದೇ. ಆ ಸೋಲಿನ ಮೇಲೆ ಅವನೂ ಅಂಥದ್ದೊಂದು ತರಿಸಿಕೊಂಡಿದ್ದ. ಆದರೆ ಜೋಡಿ ಪಂದ್ಯದಲ್ಲಿ ಒಂದೇ ಕಾರ್ಡು ಇಬ್ಬರ ಡೆಕ್‌ನಲ್ಲೂ ಇರುವಂತಿಲ್ಲ. ಯಾರು ಬಿಡಬೇಕು? ಇಬ್ಬರೂ ಆ ಮಾತೆತ್ತಲಿಲ್ಲ.

ಪಂದ್ಯದ ಬೆಳಿಗ್ಗೆ ಬಸ್ಸಿನಲ್ಲಿ ಮೊಬೈಲ್ ತೆರೆದರೆ... ಅವಳ ಡೆಕ್‌ನಲ್ಲಿ ಹೊಳಿ ಅವ್ವ ಇಲ್ಲ. ಅವನದರಲ್ಲಿ ಇದ್ದಾಳೆ.

ಮೌನೇಶ್ವರಿ ಮೊಬೈಲನ್ನು ಚೀಲಕ್ಕೆ ತುರುಕಿದಳು. ಮನೆಯಲ್ಲಿ ಅವಳ ಸೈಕಲ್ಲು, ಅವಳು ಓದುತ್ತಿದ್ದ ಕೋಣೆ ಎಲ್ಲ ತಮ್ಮಂದಿರ ಪಾಲಾಗಿದ್ದವು. ‘ಮೌನಾ ಏನೂ ಅನ್ನಂಗಿಲ್ಲ’ ಎಂಬುದೇ ಎಲ್ಲರ ಮಾತು.

‘ಇವನೂ ಹಂಗ ತಿಳ್ಕೊಂಡನೇನು? ಒಂದ್ ಮಾತು ಕೇಳಿದ್ರ ನಾನೇ ಕೊಡ್ತಿದ್ನಲ್ಲ...’

ಮಹಡಿ ಹತ್ತಿದವಳೇ ಅಂದಳು, "ನೀವು ಬ್ಯಾರೆಯವ್ರ ಕೂಡ ಆಡ್ರಿ. ನಾ ಊರಿಗಿ ಹೊಂಟೆ."

"ಯಾಕ್ರೀ, ಏನಾತು?"

ಮೊಬೈಲ್ ತೋರಿಸಿದಳು. ಅಮರೇಶ ಹಣೆ ಚಚ್ಚಿಕೊಂಡ. "ನನ್ನ ಡೆಕ್ಕಿನಾಗಿಂದ ತಗದೀನಂತ ತಿಳ್ಕೊಂಡಿದ್ನಲ್ರಿ... ಎರಡೂ ರಾಯಚೂರೇ. ನಂದಂತ ತಿಳದು ನಿಮ್ಮ ಡೆಕ್ಕಿನಾಗಿಂದ ತಗದುಬಿಟ್ಟೀನಿ."

"ಹೌದ್ ಹೌದು, ನಂಬಿದೆ."

ಅವನು ಆಡಲು ತಂದಿದ್ದ ಡೆಕ್ಕನ್ನು ಡಬ್ಬಿಯಿಂದ ತೆಗೆದು ಮೇಜಿನ ಮೇಲೆ ಹರಡಿದ. ಮೌನೇಶ್ವರಿ ಒಂದೊಂದೇ ಕಾರ್ಡು ಸರಿಸಿ ನೋಡಿದಳು. ಹೊಳಿ ಅವ್ವ ಎಲ್ಲೂ ಇರಲಿಲ್ಲ.

"ಅವ್ವ ನಿಮ್ಮ ಕಡೇನೇ ಇರ್ಲಿ ಅಂತ ನಂದನ್ನ ಮನ್ಯಾಗ ಬಿಟ್ಟು ಬಂದೀನಿ," ಎಂದ ಮೆಲ್ಲಗೆ.

ಸಿಟ್ಟು ಇಳಿಯಿತು, ಅಳು ಬಂತು. "ಬಿಟ್ಟುಕೊಡೋದಿದ್ರೂ ಕೇಳ್ಬೇಕ್ರಿ. ನನ್ನ ಯಾರೂ ಏನೂ ಕೇಳಂಗಿಲ್ಲ."

"ತಪ್ಪಾತು. ಇನ್ನ ಮ್ಯಾಲೆ ಕೇಳ್ತೀನಿ."

ಸೈಟಿನಲ್ಲಿ ತಿದ್ದಿದರು, ಆಡಿದರು, ಎರಡನೇ ಸುತ್ತಿನಲ್ಲೇ ಸೋತರು. ಬೇಸರವೇ ಆಗಲಿಲ್ಲ. ಸತ್ತಾರ್ ಸಾಬ್ ಕಳಿಸಿದ ಚಹಾ ಹಿಡಿದು ಮೆಟ್ಟಿಲ ಮೇಲೆ ಕೂತರು.

ಅಮರೇಶನ ಚಹಾ ಹಾಗೇ ಆರುತ್ತಿತ್ತು.

"ನಮ್ಮವ್ವನ್ನ ನಿಮ್ಮ ಮನಿಗಿ ಕರ್ಕೊಂಡು ಬರ್ಬೇಕಂತ ಮಾಡೀನಿ. ನಿಮ್ಮಪ್ಪಾರನ್ನ ಆಮ್ಯಾಲ ಕೇಳ್ತೀನಿ. ಮೊದ್ಲು ನಿಮ್ಮನ್ನ ಕೇಳಾಕತ್ತೀನಿ... ನನ್ನ ಮದಿವಿ ಆಗ್ತೀರೇನು?"

ಮೌನೇಶ್ವರಿಯ ಕಣ್ಣು ತುಂಬಿ ಬಂತು. ಮೊದಲು ಅವಳನ್ನೇ ಕೇಳಿದವನು ಇವನೊಬ್ಬನೇ.

"ಇನ್ನೊಮ್ಮೆ ಕೇಳ್ರಿ."

"ಯಾಕ್ರೀ, ತಪ್ಪು ಮಾತಾಡಿದ್ನೇನು?"

"ಇಲ್ರಿ. ಭಾಳ ಚಂದ ಅನಸ್ತು."

ಅವನು ಇನ್ನೊಮ್ಮೆ ಕೇಳಿದ.

"ಆಗ್ತೀನ್ರಿ," ಎಂದಳು ಮೌನೇಶ್ವರಿ. "ಈಗ ಚಹಾ ಕುಡೀರಿ."