ಪ್ರೇಮಾ ಬಿಟ್ಟ ಅರ್ಧ ಗ್ಲಾಸು

ಒಡೆಯರಪಾಳ್ಯದಲ್ಲಿ ಬಸ್ಸಿಳಿಯುವವರ ನಡಿಗೆ ನೋಡಿಯೇ ಟೀ ಅಂಗಡಿಯ ಷಡಕ್ಷರಿ ಅವರಿಗೆ ಎಂಥ ಟೀ ಬೇಕೆಂದು ಹೇಳಿಬಿಡುತ್ತಿದ್ದ. ಲಾರಿ ಡ್ರೈವರಿಗೆ ಕಬ್ಬಿಣ ಕರಗಿಸುವಂಥ ಸ್ಟ್ರಾಂಗು, ಮೇಷ್ಟ್ರಿಗೆ ಏಲಕ್ಕಿ, ಪಕ್ಕದ ಟಿಬೆಟನ್ ಕ್ಯಾಂಪಿನ ಅಜ್ಜಿಯರಿಗೆ ಉಪ್ಪು-ಬೆಣ್ಣೆಯ ಟೀ. ಅವನ ಶುಂಠಿ ಟೀ ವಾಸನೆಗೆ ಕಾಡಾನೆಗಳೇ ದಾರಿ ತಪ್ಪಿ ಬಂದು ಕ್ಯೂ ನಿಂತಿದ್ದವು. ನಂಬದವರು ಆನೆಗಳನ್ನೇ ಕೇಳಬಹುದು.

ಇಂಥ ಪ್ರಚಂಡ ಒಬ್ಬಳ ಮುಂದೆ ಮಣ್ಣು ಮುಕ್ಕಿದ್ದ. ಲೊಕ್ಕನಹಳ್ಳಿಯಿಂದ ಆ ಕ್ಯಾಂಪಿಗೆ ಕಾರ್ಪೆಟ್ ನೇಯಲು ಬರುವ ಪ್ರೇಮಾ ದಿನವೂ ಅರ್ಧ ಗ್ಲಾಸು ಬಿಟ್ಟು, ಕಣ್ಣಂಚಲ್ಲಿ ಅವನನ್ನು ನೋಡಿ ಹೋಗುವಳು. ಅವಳು ಬಿಟ್ಟ ಟೀ ಕೂಡಿಟ್ಟಿದ್ದರೆ ಗುಂಡಾಲ್ ಡ್ಯಾಮು ಕೋಡಿ ಬೀಳುತ್ತಿತ್ತು. ಆ ನೋಟಕ್ಕೆ ಷಡಕ್ಷರಿ ಸವೆದು ಸೌದೆಯಾಗಿದ್ದ.

ಗುರುವಾರ ಸಂಜೆ ಅವಳು ತಲೆ ತಗ್ಗಿಸಿಯೇ ಅಂದಳು: "ನಾಳೆ ಬರಾಕಿಲ್ಲ. ಯಳಂದೂರಿಂದ ಗಂಡಿನೋರು ನೋಡಕೆ ಬತ್ತಾವ್ರೆ."

ಅವನ ಕೈಯ ಸೌಟು ಕೆಳಗೆ ಬಿತ್ತು. ಹುಚ್ಚು ಹಿಡಿದವನಂತೆ ಇನ್ನೆರಡು ಚಮಚ ಟೀ ಸೊಪ್ಪು ಸುರಿದು, ಕುದಿಸಿ ಕೊಟ್ಟ. ಅವಳು ಒಂದು ಗುಟುಕಿಗೇ ಮುಖ ಕಿವುಚಿದಳು.

"ನಿಮ್ಮನೇಲಿ ಎಂಥದ್ದು ಕುಡೀತೀಯಾ, ತಾಯಿ? ಅದನ್ನಾದ್ರೂ ಯೋಳು."

"ಅಪ್ಪ, ಅಣ್ಣದೀರು ಕುಡುದ್ಮ್ಯಾಲೆ ಅವ್ವ ಅದೇ ಚರಟಕ್ಕೆ ನೀರುಯ್ದು ಇನ್ನೊಂದ್ಸಲ ಕಾಯಿಸ್ತದೆ. ಅದು ನಮ್ಗೆ."

"ನಿಂಗೇನಿಷ್ಟ?"

ಪ್ರೇಮಾ ಗ್ಲಾಸನ್ನು ಕೆಳಗಿಟ್ಟಳು. "ಗೊತ್ತಿಲ್ಲ ಕಣ್ರಿ. ಯಾರೂ ಕೇಳಿಲ್ಲ."

ಷಡಕ್ಷರಿಗೆ ತನ್ನ ವಿದ್ಯೆಯ ಮೇಲೆಯೇ ನಾಚಿಕೆಯಾಯಿತು. ಅವಳ ನಡಿಗೆ ನೋಡಿದ್ದ, ಕಣ್ಣು ನೋಡಿದ್ದ, ಬಾಯಿಬಿಟ್ಟು ಕೇಳಿರಲಿಲ್ಲ. ಬಸ್ಸಿಗೆ ಹತ್ತೇ ನಿಮಿಷ. ಏಲಕ್ಕಿಯದ್ದು, ಉಪ್ಪಿನದ್ದು, ಹಾಲಿಲ್ಲದ ಶುಂಠಿ-ಬೆಲ್ಲದ್ದು, ಮೂರನ್ನೂ ಸಾಲಾಗಿ ಇಟ್ಟ. ಉಪ್ಪಿನದ್ದಕ್ಕೆ ಅವಳು ಕೆಮ್ಮಿ ನಕ್ಕಳು. ಏಲಕ್ಕಿಯದ್ದನ್ನು, "ಇದು ಮದುವೆಮನೆ ವಾಸ್ನೆ" ಅಂತ ದೂರ ಸರಿಸಿದಳು. ಶುಂಠಿಯದ್ದನ್ನು ತಳ ಕಾಣುವವರೆಗೂ ಕುಡಿದು, ಸೆರಗಲ್ಲಿ ತುಟಿ ಒರೆಸಿಕೊಂಡಳು.

"ಇದು. ಇದು ನಂದು."

ದೂರದಲ್ಲಿ ಬಸ್ಸು ಹಾರ್ನ್ ಹಾಕಿತು. ಅವನು ಖಾಲಿ ಗ್ಲಾಸನ್ನು ಎತ್ತಿಕೊಂಡ. "ಪ್ರೇಮಾ, ಆ ಯಳಂದೂರಿನೋನು ಇದುನ್ನೆಲ್ಲ ಕೇಳ್ತಾನಾ?"

"ರಾಗಿ ಮುದ್ದೆ ತಿರುವಕೆ ಬತ್ತದಾ ಅಂತ ಕೇಳ್ತಾನೆ."

"ನೀನಿಲ್ದೆ ನಾನು ಬದುಕಾಕಿಲ್ಲ ಕಣೆ."

"ಟೀ ಅಂಗಡಿಯೋರು ಬೋ ಸುಳ್ಳು ಯೋಳ್ತಾರೆ," ಅಂದಳು. ಆದರೆ ಕಣ್ಣು ತುಂಬಿತ್ತು. "ನನ್ತಾವಲ್ಲ, ನಮ್ಮಪ್ಪನ್ತಾವ ಬಂದು ಯೋಳಿ. ಇವತ್ತೇ."

"ಬೈದ್ರೆ?"

"ಬೈಸ್ಕಳಿ. ಒಡುದ್ರೆ ಒಡುಸ್ಕಳಿ. ನಾನು ಒಳಗಿಂದ ಈಚೆಗೆ ಬತ್ತೀನಿ."

ಬಸ್ಸು ಬಂತು. ಸ್ಟವ್ ಮೇಲೆ ಹಾಲು ಉಕ್ಕುತ್ತಿತ್ತು. ಆ ಹಾಲು ಹರಿದು ಹನೂರು ಮುಟ್ಟಿತೆಂದು ಹೇಳುವವರಿದ್ದಾರೆ. ಷಡಕ್ಷರಿ ತಿರುಗಿ ನೋಡಲಿಲ್ಲ. ಹೆಗಲ ಟವಲನ್ನು ಅಂಗಡಿಗೆ ಎಸೆದು, ಅವಳ ಹಿಂದೆಯೇ ಬಸ್ಸಿನ ಮೆಟ್ಟಿಲು ಹತ್ತಿದ.